ಆಚೆ ದಂಡೆಯ ಖಾತೆ

ಕೊಪ್ಪಳದ ಕೋಟೆಯ ಕೆಳಗಿನ ಓಣಿಯಲ್ಲಿ ದೇವೇಂದ್ರಪ್ಪ ಬಾವಿ ತೋಡಿಸಲು ಕೈ ಹಾಕಿದ ವರ್ಷ ಊರಿಗೆ ಊರೇ ನಕ್ಕಿತ್ತು. ಆ ಓಣಿಯ ನೆಲವೆಂದರೆ ಮೊಳದಾಳ ಮಣ್ಣು, ಅದರ ಕೆಳಗೆ ಬರೀ ಕರಿಯ ಬಂಡೆ. ಅವರಿವರ ಹಿತ್ತಲಿನಲ್ಲಿ ಬಂಡೆಯ ಸಂದಿಯಿಂದ ಸಿಕ್ಕ ನೀರು ಬೇಳೆಯೂ ಬೇಯದಷ್ಟು ಸೌಳು. ಅಣ್ಣತಮ್ಮಂದಿರ ಪಾಲಿನಲ್ಲಿ ಬಂದದ್ದನ್ನೆಲ್ಲ ಆ ತಗ್ಗಿಗೆ ಸುರಿಯುತ್ತಿದ್ದ ಇಪ್ಪತ್ತೇಳರ ತರುಣನನ್ನು ಕಂಡು ಹಿರಿಯರು, "ಬಾವಿ ಅಲ್ಲೋ ತಮ್ಮಾ, ನಿನ್ನ ಗೋರಿ ತೋಡಸಾಕತ್ತೀದಿ" ಎಂದು ಹಂಗಿಸಿದ್ದರು. ಕಲ್ಲು ಒಡೆಯುವ ಓಬಳೆಪ್ಪ ಮದ್ದು ತುಂಬಿ ಸಿಡಿಸಿ ಸಿಡಿಸಿ ದಣಿದು, ಕೊನೆಗೊಂದು ದಿನ ಹಾರೆ ಕೆಳಗಿಟ್ಟು, "ಇದು ಪಾತಾಳದ ಬಾಗಲರೀ ಸಾವುಕಾರ್ರ, ನನ್ನ ಕೈಲೆ ತಗಿಯಾಕ ಆಗಾಂಗಿಲ್ಲ" ಎಂದು ಮೇಲೆ ಬಂದಿದ್ದ. ಅಂದು ದೇವೇಂದ್ರಪ್ಪ ರುಮಾಲು ಬಿಚ್ಚಿಟ್ಟು, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ತಾನೇ ಇಳಿದ. ಅಂಗೈ ಬೊಬ್ಬೆಯೆದ್ದು ಒಡೆದು ಹಾರೆಯೆಲ್ಲ ರಕ್ತವಾದ ಮೇಲೆ, ಬಂಡೆಯ ಮೈಯಲ್ಲಿ ಬೆವರಿನ ಎಳೆಯಂತೆ ಒಂದು ತೇವದ ಗೆರೆ ಮೂಡಿತು. ಬೆಳಗಾಗುವುದರೊಳಗೆ ಮೊಣಕಾಲುದ್ದ ನೀರು. ಸಕ್ಕರೆಯಂಥ ನೀರು.

ಈ ಕಥೆಯನ್ನು ದೇವೇಂದ್ರಪ್ಪನವರು ಮೂವತ್ತೈದು ವರ್ಷಗಳಿಂದ ಊಟಕ್ಕೆ ಕುಳಿತಾಗಲೆಲ್ಲ ಹೇಳುತ್ತ ಬಂದಿದ್ದರು. ಮೊದಲ ರೊಟ್ಟಿಗೆ ಊರು ನಗುತ್ತಿತ್ತು, ಎರಡನೆಯದಕ್ಕೆ ಓಬಳೆಪ್ಪ ಹಾರೆ ಕೆಳಗಿಡುತ್ತಿದ್ದ, ಮಜ್ಜಿಗೆಯ ಹೊತ್ತಿಗೆ ನೀರು ಬರುತ್ತಿತ್ತು. ಒಲೆಯ ಮುಂದೆ ರೊಟ್ಟಿ ಬಡಿಯುತ್ತ ಕೇಳುವ ಅವರ ಹೆಂಡತಿ ಮುದುಕಮ್ಮನಿಗೆ ಆ ಕಥೆಯಲ್ಲಿದ್ದ ಕೆಲಸ ಒಂದೇ: ಬುತ್ತಿ ತಂದುಕೊಡುವುದು. ಮೊಮ್ಮಗಳು ಕಳಕಮ್ಮನಿಗಂತೂ ಅದು ಬಾಯಿಪಾಠ. ಅಜ್ಜನ ತುಟಿಯ ಜೊತೆಗೆ ತನ್ನ ತುಟಿಯನ್ನೂ ಆಡಿಸಿ ಅವಳು ತಾಯಿಯಿಂದ ತಲೆಗೆ ಮೊಟಕಿಸಿಕೊಳ್ಳುತ್ತಿದ್ದಳು.

ಬ್ರಿಟಿಷರು ಬಿಟ್ಟುಹೋದ ವರ್ಷದ ಚಳಿಗಾಲದಲ್ಲಿ ಆ ಕಥೆ ಒಂದು ರಾತ್ರಿ ಎರಡನೆಯ ರೊಟ್ಟಿಯನ್ನು ದಾಟಲಿಲ್ಲ.

"ಅಪ್ಪಾ, ಒಂದ ಮಾತು" ಎಂದ ಮಗ ಉಮಾಪತಿ.

"ಉಂಡು ಮಾತಾಡು."

"ಉಣ್ಣಾಕ ಬಿಡವಲ್ರು ಅವ್ರು. ಇವತ್ತ ಅಂಗಡಿಗೆ ಬಂದು ಎರಡ ಚೀಲ ಶೇಂಗಾ ಹೊತಗೊಂಡ ಹ್ವಾದ್ರು. ಯಾಕ್ರಿ ಅಂದಿದ್ದಕ್ಕ ಕಪಾಳಕ್ಕ ಹೊಡದ್ರು."

ಮುದುಕಮ್ಮನ ಕೈ ಹಿಟ್ಟಿನ ಮೇಲೆ ನಿಂತಿತು. ಮಗನ ಎಡಗೆನ್ನೆಯನ್ನು ಅವಳು ಸಂಜೆಯೇ ನೋಡಿದ್ದಳು. ಹಲ್ಲುನೋವೆಂದು ಅವನು ಹೇಳಿದ್ದ.

ಹೊಳೆಯ ಆಚೆ ದಂಡೆಯ ಹೊಸಪೇಟೆ ಆಗ ಒಂದು ದೇಶವಾಗಿತ್ತು. ನಿಜಾಮರ ಸೀಮೆಯಾದ ಈಚೆ ದಂಡೆ ಇನ್ನೊಂದು ದೇಶವಾಗಿ ಉಳಿದಿತ್ತು. ಅಲ್ಲಿ ನಡೆಯುವುದು ಕಲ್ದಾರ ರೂಪಾಯಿ, ಇಲ್ಲಿಯದು ಹಾಲಿ ಸಿಕ್ಕಾ. ಎಲ್ಲಿಂದಲೋ ಬಂದು ಬೀಡುಬಿಟ್ಟಿದ್ದ ಖಾಕಿ ತೊಟ್ಟ ಹುಡುಗರು ಶುಕ್ರವಾರಕ್ಕೊಮ್ಮೆ ಅಂಗಡಿ ಅಂಗಡಿಗೆ ಚಂದಾ ಎತ್ತುತ್ತಿದ್ದರು. ಮೊದಲು ಕೇಳುತ್ತಿದ್ದರು. ಈಗ ಕೇಳುವುದನ್ನು ಬಿಟ್ಟಿದ್ದರು.

"ಹೊಸಪೇಟಿಗೆ ಹೋಗೂಣ್ರಿ" ಎಂದ ಉಮಾಪತಿ. "ಪಂಪಣ್ಣ ಮಾವ ಅದಾರ. ಮನಿ ಹುಡಕಿ ಕೊಡ್ತಾರ. ಅಲ್ಲೇ ಒಂದ ಸಣ್ಣ ಅಂಗಡಿ ಹಾಕಿದ್ರಾತು."

ಪಂಪಣ್ಣನೆಂದರೆ ಸೊಸೆ ಅನ್ನಮ್ಮನ ಸೋದರಮಾವ, ಹೊಸಪೇಟೆಯ ಬೆಲ್ಲದ ವ್ಯಾಪಾರಿ.

"ಬಾವಿ ಹೊತಗೊಂಡ ಹೋಗಾಕ ಬರ್ತೈತೇನು?" ಎಂದರು ದೇವೇಂದ್ರಪ್ಪನವರು.

"ಬಾವಿ ಎಲ್ಲೂ ಓಡಿ ಹೋಗಾಂಗಿಲ್ರಿ. ನಾವು ಉಳೀಬೇಕಲ್ಲ?"

"ಯಾರಿಗೂ ಅಂಜಿ ನಾ ಈ ಕಲ್ಲ ಒಡೀಲಿಲ್ಲ. ಈಗ ನಾಕ ಹುಡುಗುರಿಗೆ ಅಂಜಿ ಬಿಡ್ಲ್ಯಾ?" ಎಂದವರು, ತುತ್ತು ನುಂಗಿ, ವ್ಯಾಪಾರಿಯ ದನಿಯಲ್ಲಿ ಸೇರಿಸಿದರು: "ರೊಕ್ಕ ಬೇಕಾದ್ರ ಆಚಿ ದಂಡ್ಯಾಗ ಇರ್ಲಿ. ಅಲ್ಲಿ ಬ್ಯಾಂಕಿನ್ಯಾಗ ನನ್ನ ಹೆಸರಲೆ ಒಂದ ಖಾತಿ ತಗಸ್ರಿ. ಮನಶ್ಯಾರು ಮಾತ್ರ ಇಲ್ಲೇ."

ರೊಕ್ಕ ಒಯ್ಯುವವರು ಯಾರು? ಉಮಾಪತಿ ಒಮ್ಮೆ ರೈಲಿನಲ್ಲಿ ಹೋಗಿ ಹೊಳೆಯ ಈಚೆಯ ನಿಲ್ದಾಣದಲ್ಲಿಯೇ ಇಳಿಸಿಕೊಂಡು, ಕೋಟಿನ ಒಳಹೊಲಿಗೆಯನ್ನೂ ಬಿಚ್ಚಿಸಿಕೊಂಡು ತಿರುಗಿ ಬಂದಿದ್ದ. ಒಲೆಯ ಮುಂದಿನಿಂದ ಮುದುಕಮ್ಮ ಹೇಳಿದಳು:

"ಹಂಪಿ ಪಂಪಾದೇವಿಗೆ ಉಡಿ ತುಂಬೋ ಹರಕಿ ಐತಿ. ನಾ ಹೋಗಿ ಬರ್ತೀನಿ."

ಉಡಿಯೆಂದರೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಕುಪ್ಪಸದ ಖಣ. ಸೆರಗಿನ ಜೋಳಿಗೆಯಲ್ಲಿ ಕಟ್ಟಿ ಹೊಟ್ಟೆಯ ಮುಂದೆ ಹೊತ್ತುಕೊಂಡರೆ, ಮುತ್ತೈದೆಯ ಆ ಗಂಟಿಗೆ ಕೈ ಹಾಕುವ ಧೈರ್ಯ ಗಡಿಯಲ್ಲಿ ತಪಾಸಣೆ ಮಾಡುವ ಯಾವ ನಾಕಾದವನಿಗೂ ಇರಲಿಲ್ಲ. ಗಂಗಾವತಿಯ ಸರಾಫನ ಹತ್ತಿರ ಏಳು ಹಾಲಿಗೆ ಆರು ಕಲ್ದಾರದಂತೆ ಸ್ವಲ್ಪ ಸ್ವಲ್ಪವಾಗಿ ಬದಲಾಯಿಸಿ ತಂದ ನೋಟುಗಳನ್ನು ಉಮಾಪತಿ ಸುರುಳಿ ಸುತ್ತಿದ. ಅನ್ನಮ್ಮ ಅವನ್ನು ಅಕ್ಕಿಯ ನಡುವೆ ಹುದುಗಿಸಿದಳು. "ದೇವ್ರು ಸಿಟ್ಟಾಗಾಂಗಿಲ್ಲಲ್ರೀ ಅತ್ತಿ?" ಎಂದು ಅವಳು ಕೇಳಿದಾಗ ಮುದುಕಮ್ಮ, "ಆಕೀನೂ ಹೆಂಗಸು. ತಿಳೀತೈತಿ" ಎಂದಳು.

ಅತ್ತೆ, ಸೊಸೆ, ಮೊಮ್ಮಗಳು ಗಾಳೆಪ್ಪನ ಬಂಡಿಯಲ್ಲಿ ಹೊರಟರು. ಹಿಟ್ನಾಳದಲ್ಲಿ ಬೀಗರ ಮನೆಯಲ್ಲಿ ರಾತ್ರಿ ಕಳೆದು, ಮರುದಿನ ಬತ್ತದ ಗದ್ದೆಗಳ ಬದುವಿನ ಮೇಲೆ ವಿರೂಪಾಪುರಗಡ್ಡೆಯ ತುದಿಗೆ ಬಂದರು. ಹರಿಗೋಲಿನ ಕಟ್ಟೆಯಲ್ಲಿ ನಾಕಾದವನು ಬಂಡಿಯ ಹುಲ್ಲಿಗೆ ಕೋಲು ಚುಚ್ಚಿ ನೋಡಿದ. ಮುದುಕಮ್ಮನ ಹೊಟ್ಟೆಯ ಗಂಟನ್ನು ನೋಡಿ ಮುಖ ಆಚೆ ತಿರುಗಿಸಿದ.

"ದೇವಿಗೇನ್ರಿ ಅವ್ವಾರ?"

"ಹೂನಪಾ."

"ನನ್ನ ಹೆಂಡ್ತಿಗೆ ಬ್ಯಾನಿ ದಿನ ಹತ್ರ ಬಂದಾವ. ಒಂದ ಮಾತ ಬೇಡಿಕೋರಿ."

ಅವಳು ಬೇಡಿಕೊಂಡಳು: ಹೊಳೆ ದಾಟಿ ಹಂಪಿಯ ಗುಡಿಯಲ್ಲಿ ನೋಟುಗಳನ್ನು ಅನ್ನಮ್ಮನ ಸೆರಗಿಗೆ ದಾಟಿಸಿ, ಉಡಿಯನ್ನು ದೇವಿಗೆ ಒಪ್ಪಿಸುವಾಗ ತನ್ನ ಮಗನಿಗಿಂತ ಮೊದಲು ಆ ಕಾಣದ ಹೆಣ್ಣುಮಗಳನ್ನೇ ನೆನೆದಳು.

ಹೊಸಪೇಟೆಯ ಬಜಾರಿನ ಬ್ಯಾಂಕು ಅವಳೆಣಿಸಿದಷ್ಟು ದೊಡ್ಡದಿರಲಿಲ್ಲ. ಕಟಾಂಜನದ ಹಿಂದೆ ಜರಿಯಂಚಿನ ಪೇಟದ ಗುಮಾಸ್ತರು. ಪಂಪಣ್ಣ ಮುಂದೆ ನಿಂತು ಪರಿಚಯ ಹೇಳಿದ.

"ಖಾತೆ ಯಾರ ಹೆಸರಿಗಮ್ಮ?"

"ನಮ್ಮ ಮನಿಯವ್ರ ಹೆಸರಿಗ್ರಿ."

"ಬಂದಿದ್ದಾರೇನು?"

"ಇಲ್ರಿ. ಅವ್ರು ಬರಾಂಗಿಲ್ರಿ."

"ಬಾರದವರ ಹೆಸರಲ್ಲಿ ತೆಗೆಯೋಕೆ ಬರಲ್ಲಮ್ಮ. ಎದುರಿಗಿದ್ದವರ ಹೆಸರು ಹೇಳಿ."

ಮುದುಕಮ್ಮ ಸೊಸೆಯ ಕಡೆಗೆ ನೋಡಿದಳು. ಅನ್ನಮ್ಮ ಕಂಬದ ಹಿಂದೆ ಸರಿದಳು. "ಹಿರೇರಿದ್ದಾಗ ನಾ ಹೆಂಗ್ರೀ ಅತ್ತಿ? ನೀವs ಇರ್ರಿ."

ಹೀಗೆ, ಜೀವಮಾನದಲ್ಲಿ ಒಂದು ಕಾಸಿಗೂ ತನ್ನ ಹೆಸರು ಹಚ್ಚದ ಮುದುಕಮ್ಮ ಖಾತೆದಾರಳಾದಳು. ಆದರೆ ಅಲ್ಲಿಗೆ ಮುಗಿಯಲಿಲ್ಲ.

"ಗಂಡನ ಹೆಸರು?"

ಪಂಪಣ್ಣ ಬಾಯಿ ತೆರೆದ. ಗುಮಾಸ್ತರು ಕೈಯೆತ್ತಿ ತಡೆದರು. "ಹೆಬ್ಬೆಟ್ಟಿನವರಿಗೆ ನಮ್ಮಲ್ಲೊಂದು ನೇಮ ಇದೆ. ದುಡ್ಡು ತೆಗೆಯೋಕೆ ಖುದ್ದಾಗಿ ಅವರೇ ಬರಬೇಕು. ಬಂದಾಗಲೆಲ್ಲ ತಮ್ಮ ಹೆಸರು, ಗಂಡನ ಹೆಸರು ತಮ್ಮ ಬಾಯಿಂದಲೇ ಹೇಳಬೇಕು. ಇವತ್ತೂ ಅವರೇ ಹೇಳಲಿ."

"ಕೊಪ್ಪಳದಾಗ ಯಾರನ್ನ ಕೇಳಿದ್ರೂ ಹೇಳ್ತಾರ್ರಿ."

"ನೀವೇ ಹೇಳಬೇಕಮ್ಮ."

"ಸ್ವರ್ಗದಾಗ ಬಿಳಿ ಆನಿ ಮ್ಯಾಲ ಕುಂದರತಾನಲ್ರಿ, ಅವನ ಹೆಸರs."

"ಆನೆ ಮೇಲೆ ಕೂತವನನ್ನ ನಾನು ಬರಕೊಳ್ಳೋಕಾಗಲ್ಲ ತಾಯಿ" ಎಂದು ಗುಮಾಸ್ತರು ಲೇಖನಿ ಕೆಳಗಿಟ್ಟರು.

ಗಂಡನ ಹೆಸರನ್ನು ಅವಳು ಬಾಯಿಬಿಟ್ಟು ಹೇಳಿದ್ದು ಒಮ್ಮೆ ಮಾತ್ರ. ಬಾವಿಗೆ ನೀರು ಬಂದ ಮೇಲೆ ಗಂಗೆಯ ಪೂಜೆಯ ದಿನ ಓಣಿಯ ಹೆಂಗಸರು ಸುತ್ತುವರಿದು, ಹೆಸರು ಹೇಳದೆ ಬಾಗಿನ ಮುಟ್ಟಗೊಡುವುದಿಲ್ಲವೆಂದು ಹಟ ಹಿಡಿದಿದ್ದರು. ಒಡಪು ಕಟ್ಟಿ ಹೇಳಿದರೆ ಹೆಸರಿನ ದೋಷ ತಟ್ಟುವುದಿಲ್ಲ. ಮುದುಕಮ್ಮ ಸೆರಗನ್ನು ಹಣೆಗೆಳೆದುಕೊಂಡು, ಬ್ಯಾಂಕಿನ ಗೋಡೆಯ ಕಡೆಗೆ ಮುಖ ಮಾಡಿ, ಅಂದು ತಾನೇ ಕಟ್ಟಿದ್ದ ಒಡಪನ್ನು ಹೇಳಿದಳು:

"ಕರಿಯ ಕಲ್ಲ ಸೀಳಿ ತಗದಾರ ಸಿಹಿನೀರ ಸೆಲಿ,
ದೇವೇಂದ್ರಪ್ಪನವರ ಹೆಸರ ಹೇಳ್ತೀನಿ, ಅವರ ಮನಿ ನನ್ನ ನೆಲಿ."

ಬ್ಯಾಂಕಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಬಾಗಿಲ ಜವಾನ ನಕ್ಕುಬಿಟ್ಟ. ಗುಮಾಸ್ತರು ನಗಲಿಲ್ಲ. ಹೆಸರನ್ನು ಬರೆದುಕೊಂಡು, ಅವಳ ಎಡಗೈಯ ಹೆಬ್ಬೆರಳನ್ನು ಮಸಿಯ ಗಾದಿಯ ಮೇಲೆ ಒತ್ತಿಸಿದರು.

ಆ ಮಸಿಯನ್ನು ಅವಳು ಹೊಳೆಯ ಮರಳಿನಿಂದ ತಿಕ್ಕಿದಳು, ಹಿಟ್ನಾಳದಲ್ಲಿ ಬೂದಿಯಿಂದ ತಿಕ್ಕಿದಳು, ಹೋಗಲಿಲ್ಲ. ಮನೆಗೆ ಬಂದು ಗಂಡನಿಗೆ ನೀರಿನ ತಂಬಿಗೆ ಕೊಡುವಾಗ ಅವರು ನೋಡಿದ್ದು ಅದನ್ನೇ.

"ಕೈಗೇನಾತು?"

"ಮಸಿ ರೀ."

"ಖಾತಿ ಯಾರ ಹೆಸರಲೆ ಆತು?"

ಕಳಕಮ್ಮ ಕುಣಿಯುತ್ತ ಹೇಳಿದಳು: "ಅಜ್ಜಿ ಹೆಸರಲೆ ಅಜ್ಜಾ! ಅಜ್ಜಿ ನಿಮ್ಮ ಹೆಸರ ಒಡಪಿನಾಗ ಹೇಳಿದ್ಲು. ಅಲ್ಲಿದ್ದೋರೆಲ್ಲಾ ಕೇಳಿದ್ರು."

ದೇವೇಂದ್ರಪ್ಪನವರು ತಂಬಿಗೆಯನ್ನು ನೆಲಕ್ಕಿಟ್ಟರು. "ಹೊಸಪೇಟಿ ಬಜಾರದಾಗ ನನ್ನ ಹೆಸರ ಹಾಡಿ ಬಂದ್ಯಾ?"

"ಹೇಳದಿದ್ರ ಆಗಾಂಗಿಲ್ಲ ಅಂದ್ರು."

"ಇನ್ನ ಮ್ಯಾಲ ನಾ ಗಳಿಸಿದ ರೊಕ್ಕ ನನಗ ಬೇಕಂದ್ರ ನಿನ್ನ ಹೆಬ್ಬೆಟ್ಟ ಕೇಳಬೇಕು. ಹೌದಿಲ್ಲೋ?"

"ರೊಕ್ಕ ನಿಮ್ದs ಐತಲ್ರಿ."

"ಬ್ಯಾಂಕಿನಾವ ಹಂಗಂತ ಬರಕೊಂಡಾನೇನು?"

ಆ ರಾತ್ರಿ ದೇವೇಂದ್ರಪ್ಪನವರು ರೊಟ್ಟಿಯನ್ನು ಮುರಿದು ಮುರಿದು ಹಾಗೆಯೇ ಬಿಟ್ಟು ಎದ್ದರು.

ಯುಗಾದಿಯ ಹೊತ್ತಿಗೆ ಬಜಾರಿನ ಅರ್ಧ ಅಂಗಡಿಗಳಿಗೆ ಬೀಗ ಬಿದ್ದಿತ್ತು. ಶುಕ್ರವಾರ ಬಂತೆಂದರೆ ಉಮಾಪತಿ ನೆರೆಮನೆಯ ಅಟ್ಟ ಹತ್ತುವುದು ರೂಢಿಯಾಯಿತು. ಅದು ಕಲಾಯಿ ಹಾಕುವ ಮರ್ದಾನಸಾಬನ ಮನೆ. ಯಾರಾದರೂ ಬಂದು ಕೇಳಿದರೆ ಅವನು ಕುಲುಮೆಯ ತಿದಿಯನ್ನು ಜೋರಾಗಿ ಒತ್ತುತ್ತ, "ಏನಂದ್ರಿ? ಕೇಳಸವಲ್ದು" ಎಂದು ಅವರು ಬೇಸತ್ತು ಹೋಗುವವರೆಗೂ ಕಿವುಡನಾಗಿಬಿಡುತ್ತಿದ್ದ.

ಅಟ್ಟದಿಂದ ಇಳಿದು ಬಂದ ಗಂಡನ ತಲೆಯ ಜೇಡರ ಬಲೆಯನ್ನು ತೆಗೆಯುತ್ತ ಒಂದು ದಿನ ಅನ್ನಮ್ಮ ಅತ್ತೆಯ ಕಡೆಗೆ ತಿರುಗಿದಳು.

"ಎಷ್ಟ ದಿನ ಹಿಂಗs? ಈ ಬೇಸಗಿ ಕಳಿಯೂದರಾಗ ಇವರನ್ನ ಎಳಕೊಂಡ ಹೋಗ್ತಾರ, ನೋಡ್ತಿರ್ರಿ."

"ನೀವು ಮೂರೂ ಮಂದಿ ಹೋಗ್ರೆವಾ. ನಾವು ಮುದುಕ್ರು, ನಮಗೇನ ಮಾಡ್ತಾರ?"

"ಹೋಗಿ ಏನ ತಿನ್ನೂಣ್ರಿ? ರೊಕ್ಕ ಆಚಿ ದಂಡ್ಯಾಗ, ಹೆಬ್ಬೆಟ್ಟ ಈಚಿ ದಂಡ್ಯಾಗ. ನೀವು ಬರದಿದ್ರ ಅದನ್ನs ಕೊಯ್ದ ಕೊಟ್ಟ ಕಳಸ್ರಿ!"

"ಏ!" ಎಂದು ಉಮಾಪತಿ ಗದರಿದ. ಮುದುಕಮ್ಮನಿಗೆ ಸಿಟ್ಟು ಬರಲಿಲ್ಲ. ತನ್ನ ಹೆಬ್ಬೆರಳನ್ನು ತಿರುಗಿಸಿ ನೋಡಿಕೊಂಡಳು. ಅದರಷ್ಟಕ್ಕೆ ಅದು ಹೋಗಿ ಬರುವಂತಿದ್ದರೆ ಕಳಿಸಿಬಿಡುತ್ತಿದ್ದಳು.

"ಅವ್ವಾ, ನೀ ಬಂದು ಒಂದ ಸಲ ಎಲ್ಲಾ ತಗದ ಕೊಟ್ಟು ತಿರುಗಿ ಬಾ" ಎಂದ ಉಮಾಪತಿ.

ಪಡಸಾಲೆಯಿಂದ ದೇವೇಂದ್ರಪ್ಪನವರ ದನಿ ಬಂತು. "ಹೊಳಿ ದಾಟಿದಾಕಿ ತಿರುಗಿ ಈ ಹೊಸ್ತಿಲಾ ದಾಟಬ್ಯಾಡ ಅಂತ ಹೇಳು. ನೀವು ಬೇಕಾದ್ರ ಹೋಗ್ರಿ. ಆಕಿ ಹ್ವಾದ್ರ ನನಗ ರೊಟ್ಟಿ ಯಾರ ಬಡದ ಹಾಕಬೇಕು?"

"ಒಂದ ರೊಟ್ಟಿ ಸಲುವಾಗಿ ನಾಕ ಜೀವ ಕಟ್ಟಿ ಹಾಕ್ತೀರೇನ್ರಿ ಅಪ್ಪಾ?"

"ಕಟ್ಟಿ ಹಾಕೀನೇನು? ಬಾಗಲಾ ತಗದೈತಿ ನೋಡು."

ಬಾಗಿಲೇನೋ ತೆರೆದೇ ಇತ್ತು. ಅಡುಗೆಮನೆಗೂ ಪಡಸಾಲೆಗೂ ನಡುವೆ ನಿಂತ ಮುದುಕಮ್ಮನಿಗೆ ಮಾತ್ರ ಯಾವ ಕಡೆಗೂ ಕಾಲು ಏಳಲಿಲ್ಲ. ಮುತ್ತೈದೆ ಗಂಡನನ್ನು ಬಿಟ್ಟು ಹೊಳೆ ದಾಟುವುದೆಂದರೇನು? ದಾಟದಿದ್ದರೆ ಮಗನ ಗತಿಯೇನು?

ಮರುದಿನ ಬೆಳಿಗ್ಗೆ ಅವಳು ಚಿಕ್ಕದೊಂದು ತಾಮ್ರದ ಕೊಡ ತೆಗೆದುಕೊಂಡು ಹುಲಿಕೆರೆಗೆ ನಡೆದಳು.

ಯಾರಿಗೂ ಏನೂ ಹೇಳಲಿಲ್ಲ. ಮನೆಯ ಅಡುಗೆ, ಗಂಡನ ಸ್ನಾನ, ಎಲ್ಲರ ಕುಡಿಯುವ ನೀರು ಎಂದಿನಂತೆ ಬಾವಿಯದೇ. ತನ್ನ ಪಾಲಿನ ನೀರನ್ನು ಮಾತ್ರ ಅವಳು ಕೆರೆಯಿಂದ ತರುತ್ತಿದ್ದಳು. ಅಡುಗೆಮನೆಯ ಮಣೆಯ ಮೇಲೆ ದೊಡ್ಡ ಕೊಡದ ಪಕ್ಕದಲ್ಲಿ ಚಿಕ್ಕ ಕೊಡ ಕುಳಿತಿತು. ಬೇಸಿಗೆಯ ಕೆರೆ, ನೀರಿನಲ್ಲಿ ಕೆಸರಿತ್ತು, ಸೌಳಿತ್ತು, ಎಮ್ಮೆಯ ವಾಸನೆಯೂ ಇತ್ತು. ಎರಡು ಪದರ ಬಟ್ಟೆಯಲ್ಲಿ ಸೋಸಿ ಕುಡಿಯುತ್ತಿದ್ದಳು.

ಮರ್ದಾನಸಾಬನ ಹೆಂಡತಿ ತಾಜಬೀ ದಿನಾ ಈ ಬಾವಿಗೇ ಬರುವವಳು. ಹಗ್ಗ ಕೈಯಲ್ಲಿ ಹಿಡಿದು ಬೆರಗಾಗಿ ನಿಂತಳು. "ಮನ್ಯಾಗ ಸಕ್ಕರಿಯಂಥ ನೀರ ಇಟಗೊಂಡು ಕೆರಿಗೆ ಹೊಂಟೀಯಲ್ಲ ಅಕ್ಕಾ, ಬುದ್ಧಿ ಎಲ್ಲಿಟ್ಟೀದಿ?"

"ಕಾಲು ಜೋಮ ಹಿಡದಾವವ್ವಾ. ಅಡ್ಡಾಡಿದ್ರ ಚಲೋ."

ತಾಜಬೀ ಅಂದಿನಿಂದ ಕೆರೆಯ ಏರಿಯವರೆಗೂ ಜೊತೆಗೆ ಬಂದು, ತುಂಬಿದ ಕೊಡವನ್ನು ಅವಳ ನಡುವಿಗೆ ಎತ್ತಿಕೊಡುತ್ತಿದ್ದಳು.

ಓಣಿಯ ಬಾಯಿಗೆ ಬೀಗವಿಲ್ಲ. ಬಜಾರಿನಲ್ಲಿ ಯಾರೋ ದೇವೇಂದ್ರಪ್ಪನವರನ್ನು ನಿಲ್ಲಿಸಿ, "ಸಾವುಕಾರ್ರ, ಬಾವಿ ಬತ್ತೇತೇನ್ರಿ? ಮನಿಯವ್ರು ಕೆರಿಗೆ ಹೊಂಟಿದ್ರಲ್ಲ" ಎಂದು ಕೇಳಿದರು. ಅವರು ಚಪ್ಪಲಿಯನ್ನೂ ಬಿಡದೆ ಅಡುಗೆಮನೆಯ ಬಾಗಿಲಿಗೆ ಬಂದರು.

"ಬಾವಿ ನೀರಿಗೇನಾಗೈತಿ?"

"ಏನೂ ಆಗಿಲ್ರಿ."

"ಮತ್ತ ಊರ ಮಂದಿ ಮುಂದ ನನ್ನ ಮಾನ ಯಾಕ ಕಳೀತಿ?"

"ನಿಮ್ಮ ಅಡಗಿ ಬಾವಿ ನೀರಾಗs ಮಾಡೀನ್ರಿ. ನನಗs ಅದು ಗಂಟಲಾಗ ಇಳೀವಲ್ದು."

"ಇಷ್ಟ ವರ್ಷ ಇಳೀತು?"

"ಇಷ್ಟ ವರ್ಷ ಮಗ ಕೆಳಗಿದ್ದ. ಈಗ ಅಟ್ಟದ ಮ್ಯಾಲ ಅದಾನ."

ದೇವೇಂದ್ರಪ್ಪನವರು ಚಿಕ್ಕ ಕೊಡವನ್ನು ಎತ್ತಿ ಒಗೆಯುವವರಂತೆ ಒಂದು ಹೆಜ್ಜೆ ಮುಂದಿಟ್ಟರು. ಹಾಗೆಯೇ ತಿರುಗಿ ಹೋದರು. ಅಂದಿನಿಂದ ಗಂಡಹೆಂಡಿರ ನಡುವೆ ಮಾತು ನಿಂತಿತು. "ಉಪ್ಪು ಬೇಕಂತ ಹೇಳು ನಿಮ್ಮಜ್ಜಿಗೆ", "ಉಪ್ಪು ಎಡಕ್ಕೈತಿ ಅಂತ ಹೇಳು ನಿಮ್ಮಜ್ಜಗ" ಎಂದು ಕಳಕಮ್ಮನ ಮೂಲಕವೇ ಸಂಸಾರ ನಡೆಯಿತು.

ವೈಶಾಖದ ಉರಿಬಿಸಿಲಿನಲ್ಲಿ ಒಂದು ಶುಕ್ರವಾರ ಖಾಕಿಯವರು ನೇರವಾಗಿ ಮನೆಗೇ ಬಂದರು. ನಾಲ್ಕೈದು ಜನ. ಉಮಾಪತಿಯನ್ನು ಕೇಳಿದರು, ಊರಿನಲ್ಲಿಲ್ಲವೆಂದು ದೇವೇಂದ್ರಪ್ಪನವರು ಹೇಳಿದರು. ನೀರು ಕೇಳಿದರು. ನೀರು ಕೇಳಿದವರಿಗೆ ಇಲ್ಲವೆನ್ನುವ ಮನೆ ಅದಲ್ಲ. ಹಿತ್ತಲಿಗೆ ಕರೆದೊಯ್ದು ತಾವೇ ಸೇದಿ ಕೊಟ್ಟರು.

"ವಾಹ್, ಎಂಥಾ ಸಿಹಿ ನೀರು!" ಎಂದ ಅವರಲ್ಲೊಬ್ಬ.

ಅಡುಗೆಮನೆಯ ಕಿಂಡಿಯಿಂದ ಮುದುಕಮ್ಮ ನೋಡುತ್ತಿದ್ದಳು. ಗಂಡನ ಮುಖ ಅರಳಿದ್ದು ಅವಳಿಗೆ ಕಂಡಿತು. ಮೆಚ್ಚಿದವರು ಯಾರೇ ಆಗಲಿ, ಕಥೆ ದೇವೇಂದ್ರಪ್ಪನವರ ನಾಲಿಗೆಯ ತುದಿಗೆ ಬರುತ್ತಿತ್ತು. "ಈ ಬಾವಿ ತೋಡಸಾಕ ಕೈ ಹಾಕಿದಾಗ ಊರಿಗೆ ಊರs..." ಎಂದು ಅವರು ಆರಂಭಿಸಿಯೂ ಇದ್ದರು. ಅಷ್ಟರಲ್ಲಿ ಆ ಹುಡುಗ, ಮೊಮ್ಮಗಳು ಕೂಡ ಕಾಲು ತೊಳೆಯದೆ ಹತ್ತದ ಬಾವಿಯ ಕಟ್ಟೆಯ ಮೇಲೆ ಬೂಟು ಕಾಲಿಟ್ಟು, ಕೊಡದಲ್ಲಿ ಉಳಿದ ನೀರನ್ನು ಬೂಟಿನ ಧೂಳಿನ ಮೇಲೆ ಸುರಿದುಕೊಂಡ. ಒಂದು ಕಾಲಾಯಿತು. "ಇನ್ನೊಂದು ಕೊಡ ಸೇದು ಮುದುಕಾ" ಎಂದ.

ದೇವೇಂದ್ರಪ್ಪನವರು ಸೇದಿ ಕೊಟ್ಟರು.

ಹುಡುಗರು ಹೋದ ಮೇಲೆ ಅವರು ಕಟ್ಟೆಯ ಕಲ್ಲನ್ನು ತೊಳೆದು, ಒಳಗೆ ಬಂದು ಊಟಕ್ಕೆ ಕುಳಿತರು. ಮುದುಕಮ್ಮ ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ಅವರು ಅದನ್ನು ಮುಟ್ಟದೆ ಕೈಚಾಚಿ, ಮಣೆಯ ಮೇಲಿನ ಚಿಕ್ಕ ಕೊಡವನ್ನು ಎಳೆದುಕೊಂಡರು. ತಂಬಿಗೆ ತುಂಬ ಬಗ್ಗಿಸಿ, ಕೆರೆಯ ನೀರನ್ನು ಒಂದೇ ಉಸಿರಿಗೆ ಕುಡಿದರು. ಗಂಟಲಲ್ಲಿ ಅದು ಇಳಿಯುವುದನ್ನು ಅವಳು ನೋಡಿದಳು.

"ಸೌಳೈತಿ" ಎಂದರು. ತಿಂಗಳ ಮೇಲೆ ಅವಳಿಗೆ ನೇರವಾಗಿ ಆಡಿದ ಮೊದಲ ಮಾತು ಅದು.

"ಹೌದ್ರಿ."

ತಂಬಿಗೆ ಕೆಳಗಿಟ್ಟು ಕೇಳಿದರು: "ಹೊಸಪೇಟ್ಯಾಗ ನೀರು ಹೆಂಗೈತಿ?"

ಮುದುಕಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡು ಹೇಳಿದಳು: "ಕಾಲಿವಿ ನೀರ್ರಿ. ಕುಡಿಯಾಕ ಅಡ್ಡಿಯಿಲ್ಲ."

ಹೊರಡುವ ದಿನ ದೇವೇಂದ್ರಪ್ಪನವರು ಬಾವಿಯ ಹಗ್ಗವನ್ನು ಸರಿಪಡಿಸಿ, ರಾಟೆಗೆ ಎಣ್ಣೆ ಹಚ್ಚಿದರು. ಹಿತ್ತಲ ಬಾಗಿಲ ಕೀಲಿಯನ್ನು ತಾಜಬೀಯ ಕೈಗೆ ಕೊಟ್ಟರು. "ದಿನಾ ಸೇದ್ರಿ. ಬಿಟ್ರ ಪಾಚಿ ಕಟ್ಟತೈತಿ." ತಾಜಬೀ ಕೀಲಿಯನ್ನು ಕೊರಳ ದಾರಕ್ಕೆ ಕಟ್ಟಿಕೊಂಡು ಮುದುಕಮ್ಮನ ಹೆಗಲ ಮೇಲೆ ಮುಖವಿಟ್ಟಳು. ಮರ್ದಾನಸಾಬ ಕುಲುಮೆಯ ಮುಂದಿನಿಂದ ಏಳಲಿಲ್ಲ. ಒತ್ತಲು ಕೆಲಸವಿಲ್ಲದಿದ್ದರೂ ತಿದಿಯನ್ನು ಒತ್ತುತ್ತಲೇ ಇದ್ದ.

ಗಡ್ಡೆಯ ನಾಕಾದಲ್ಲಿ ಈ ಸಲ ಬೇರೆಯವನಿದ್ದ. ಉಮಾಪತಿ ಗಾಳೆಪ್ಪನ ಕಂಬಳಿ ಹೊದ್ದು ಎತ್ತಿನ ಹಗ್ಗ ಹಿಡಿದು ನಿಂತಿದ್ದ. ನಾಕಾದವನ ಕಣ್ಣು ಅವನ ಮೇಲಲ್ಲ, ರುಮಾಲಿನ ಯಜಮಾನರ ಮೇಲೆ ಬಿತ್ತು.

"ಎಲ್ಲಿಗ್ರಿ ಯಜಮಾನ್ರ?"

"ದೇವ್ರಿಗೆ."

"ತಿರುಗಿ ಬರೋದ್ಯಾವಾಗ?"

ವ್ಯಾಪಾರದಲ್ಲಿ ಸಾವಿರ ಸುಳ್ಳು ಹೇಳಿದ ದೇವೇಂದ್ರಪ್ಪನವರಿಗೆ ಆ ಒಂದು ಸುಳ್ಳು ಬಾಯಿಗೆ ಬರಲಿಲ್ಲ. ಹೊಟ್ಟೆಯ ಮುಂದೆ ಉಡಿ ಕಟ್ಟಿಕೊಂಡ ಮುದುಕಮ್ಮ ಮುಂದೆ ಬಂದು, "ನಾಡದ ಸೋಮಾರ ಬರ್ತೀವಪ್ಪಾ" ಎಂದಳು. ಹರಿಗೋಲು ಹೊಳೆಯ ನಡುವೆ ಗಿರಕಿ ಹೊಡೆಯುವಾಗ ದೇವೇಂದ್ರಪ್ಪನವರು ಈಚೆ ದಂಡೆಗೆ ಬೆನ್ನು ಮಾಡಿ ಕುಳಿತರು. ಆದರೆ ಹರಿಗೋಲು ದುಂಡಗಿನದು. ತಿರುಗಿ ತಿರುಗಿ ಅವರಿಗೆ ಆ ದಂಡೆಯನ್ನೇ ತೋರಿಸಿತು.

ಹೊಸಪೇಟೆಯಲ್ಲಿ ಸಿಕ್ಕಿದ್ದು ಪಂಪಣ್ಣನ ಬೆಲ್ಲದ ಮಳಿಗೆಯ ಹಿಂದಿನ ಒಂದೇ ಕೋಣೆ. ಅಡುಗೆ, ಸ್ನಾನ, ನಿದ್ದೆ ಎಲ್ಲ ಅಲ್ಲಿಯೇ. ಒಬ್ಬರು ಕಾಲು ಚಾಚಿದರೆ ಇನ್ನೊಬ್ಬರು ಮಡಚಬೇಕು. ಬೆಲ್ಲದ ವಾಸನೆಗೆ ಬಂದ ನೊಣಗಳು ರೊಟ್ಟಿಯನ್ನೂ ಬಿಡಲಿಲ್ಲ. ಹೊಳೆ ದಾಟಿ ಬಂದವರು ಹೆಚ್ಚಿ ಊರಿನಲ್ಲೆಲ್ಲ ಬಾಡಿಗೆ ಏರಿತ್ತು. ಅಂಗಡಿ ಹಾಕುವ ಮಾತು ದಿನದಿಂದ ದಿನಕ್ಕೆ ಮುಂದೆ ಸರಿಯಿತು. ಕೊಪ್ಪಳದಲ್ಲಿ ಅಂಗಡಿಯ ಮಾಲೀಕನ ಮಗನಾಗಿದ್ದ ಉಮಾಪತಿ ಇಲ್ಲಿ ಪಂಪಣ್ಣನ ಮಳಿಗೆಯಲ್ಲಿ ಬೆಲ್ಲದ ಪೆಂಟೆ ತೂಗುವ ಆಳಾದ.

"ಜೀವ ಉಳೀತಲ್ಲ" ಎಂದು ಅನ್ನಮ್ಮ ಗೋಡೆಗೆ ಹೇಳುವಂತೆ ಹೇಳುತ್ತಿದ್ದಳು.

ಖಾತೆಯಿಂದ ರೊಕ್ಕ ತೆಗೆಯಬೇಕಾದಾಗಲೆಲ್ಲ ಗಂಡಹೆಂಡಿರು ಬ್ಯಾಂಕಿಗೆ ಹೋಗುವರು. ಮುದುಕಮ್ಮ ಒಳಗೆ; ದೇವೇಂದ್ರಪ್ಪನವರು ಹೊರಗಿನ ಮೆಟ್ಟಿಲ ಮೇಲೆ. ಗುಮಾಸ್ತರು ನೇಮದಂತೆ ಕೇಳುವರು, ಅವಳು ನೇಮದಂತೆ ಗೋಡೆಗೆ ತಿರುಗಿ ಒಡಪು ಹೇಳುವಳು. ಒಂದು ದಿನ ಅವಳು ಹೊರಗೆ ಬಂದಾಗ ದೇವೇಂದ್ರಪ್ಪನವರು ಬಜಾರಿನ ಕಡೆಗೆ ನೋಡುತ್ತ ಹೇಳಿದರು:

"ಆ ಸಿಹಿನೀರಿನ ಮಾತು ಇನ್ನ ಅಲ್ಲಿ ಹೇಳಬ್ಯಾಡ."

"ಮತ್ತ ನಿಮ್ಮ ಹೆಸರ ಹೆಂಗ ಹೇಳ್ಲಿ?"

ಅವರು ಎದ್ದು ಮುಂದೆ ನಡೆದರು. ಅವಳು ಹಿಂದೆ ನಡೆದಳು.

ಆ ಕೋಣೆಯಲ್ಲಿ ಕಥೆ ನಿಂತುಹೋಗಿತ್ತು. ಮೊದಲ ರೊಟ್ಟಿ ಬರುತ್ತಿತ್ತು, ಎರಡನೆಯದು ಬರುತ್ತಿತ್ತು, ಮಜ್ಜಿಗೆಯೂ ಬರುತ್ತಿತ್ತು. ನೀರು ಮಾತ್ರ ಬರುತ್ತಿರಲಿಲ್ಲ. ದೇವೇಂದ್ರಪ್ಪನವರು ಗೋಡೆಗೆ ಮುಖ ಮಾಡಿ ಉಂಡು, ಗೋಡೆಗೆ ಮುಖ ಮಾಡಿ ಮಲಗುತ್ತಿದ್ದರು. ಶ್ರಾವಣದಲ್ಲಿ ಹೊಳೆ ತುಂಬಿ ಹರಿಗೋಲುಗಳು ನಿಂತವು. ಗಾಳೆಪ್ಪನೂ ಬರಲಿಲ್ಲ, ಸುದ್ದಿಯೂ ಬರಲಿಲ್ಲ. ಬಾವಿಯನ್ನು ತಾಜಬೀ ಸೇದುತ್ತಿದ್ದಳೋ, ಬೂಟಿನವರು ಸೇದುತ್ತಿದ್ದರೋ ತಿಳಿಯುವ ದಾರಿಯಿರಲಿಲ್ಲ. ಈಗ ಕೊಪ್ಪಳವೇ ಆಚೆ ದಂಡೆಯಾಗಿತ್ತು.

ಜಿಟಿಜಿಟಿ ಮಳೆಯ ಒಂದು ಸಂಜೆ, ಊಟಕ್ಕೆ ಕುಳಿತಾಗ ಕಳಕಮ್ಮ ಕೇಳಿದಳು: "ಅಜ್ಜಾ, ಊರು ನಕ್ಕಿದ್ದು ಹೇಳ್ರಿ."

"ಸುಮ್ನ ಉಣ್ಣು."

"ಓಬಳೆಪ್ಪ ಹಾರಿ ಇಟ್ಟಿದ್ದರ ಹೇಳ್ರಿ."

"ಬಾವಿ ಎಲ್ಲೈತಿ ಇಲ್ಲಿ?" ಎಂದರು ಗೋಡೆಯ ಕಡೆಯಿಂದಲೇ.

ಹುಡುಗಿಯ ಮುಖ ಸಪ್ಪಗಾಯಿತು. ಆಗ ಒಲೆಯ ಮುಂದಿನಿಂದ, ಬಡಿಯುತ್ತಿದ್ದ ರೊಟ್ಟಿಯ ಮೇಲಿಂದ ಕಣ್ಣೆತ್ತದೆ, ಮುದುಕಮ್ಮ ಆರಂಭಿಸಿದಳು.

"ನಿಮ್ಮಜ್ಜ ಬಾವಿ ತೋಡಸಾಕ ಕೈ ಹಾಕಿದ ವರ್ಷ ಊರಿಗೆ ಊರs ನಕ್ಕಿತ್ತು..."

ಮಾತುಗಳು ಗಂಡನವೇ, ಎಲ್ಲಿ ದನಿ ಏರಬೇಕು, ಎಲ್ಲಿ ಉಸಿರು ಹಿಡಿಯಬೇಕು, ಎಲ್ಲವನ್ನೂ ಮೂವತ್ತೈದು ವರ್ಷ ಕೇಳಿ ಕೇಳಿ ಅವಳು ಅರಿತಿದ್ದಳು. ಹಿರಿಯರು ಹಂಗಿಸಿದರು, ಮದ್ದು ಸಿಡಿಯಿತು, ಓಬಳೆಪ್ಪ ಮೇಲೆ ಬಂದ, ಅಜ್ಜ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದ. ಅಲ್ಲಿಂದ ಮುಂದೆ ದಾರಿ ಅವಳದಾಯಿತು.

"ನಾ ಬುತ್ತಿ ತಗೊಂಡ ಹೋಗಿದ್ದೆ. ನಿಮ್ಮಪ್ಪ ಹೊಟ್ಟ್ಯಾಗಿದ್ದ. ಬಗ್ಗಿ ನೋಡಿದ್ರ ಕೆಳಗ ಕತ್ತಲಿ. ಹಾರಿ ಸಪ್ಪಳ ನಿಂತಿತ್ತು. ಹೆಸರ ಹಿಡದ ಕರಿಯಾಂಗಿಲ್ಲಲ್ಲ, 'ರೀ' ಅಂದೆ. ಉತ್ತರಿಲ್ಲ. ಇನ್ನೊಮ್ಮೆ 'ರೀ' ಅಂದೆ. ಉತ್ತರಿಲ್ಲ. ಬುತ್ತಿ ಬುಟ್ಟಿ ಹಗ್ಗಕ್ಕ ಕಟ್ಟಿ ಕೆಳಗ ಬಿಟ್ಟೆ. ಭಾಳ ಹೊತ್ತಿನ ಮ್ಯಾಲ ಹಗ್ಗ ಅಲುಗಾಡ್ತು. ಮ್ಯಾಲ ಎಳಕೊಂಡೆ. ಬುಟ್ಟ್ಯಾಗ ರೊಟ್ಟಿ ಇದ್ದಂಗs ಇತ್ತು. ಅದರ ಮ್ಯಾಲ ನಿಮ್ಮಜ್ಜನ ಹೆಗಲ ವಸ್ತ್ರ ಇತ್ತು, ತೊಯ್ದು ತಪ್ಪಡಿಯಾಗಿತ್ತು. ಬೆವರಂತ ತಿಳಕೊಂಡೆ. ಹಿಂಡಿ ಒಂದ ಹನಿ ಬಾಯಾಗ ಬಿಟಗೊಂಡೆ. ಆ ನೀರ ಮೊದಲ ಕುಡದಾಕಿ ನಾನs."

ಉಮಾಪತಿ ತಾಯಿಯನ್ನು ಹೊಸಬಳನ್ನು ನೋಡುವಂತೆ ನೋಡಿದ. ಈ ತುಣುಕನ್ನು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ.

ಗೋಡೆಯ ಕಡೆಗಿದ್ದ ಮುಖ ತಿರುಗಲಿಲ್ಲ. ಮಳೆಯ ಸದ್ದಿನ ನಡುವೆ ದನಿ ಮಾತ್ರ ಬಂತು.

"ಹೆಂಗಿತ್ತು?"

"ಏನ್ರಿ?"

"ನೀರು. ಹೆಂಗಿತ್ತು?"

"ಸಿಹಿ ಇತ್ರಿ" ಎಂದಳು ಮುದುಕಮ್ಮ.

ಹಂಚಿನ ಮೇಲಿನ ರೊಟ್ಟಿ ಸೀಯುತ್ತಿತ್ತು. ಅದನ್ನು ತಿರುವಬೇಕೆಂದು ಯಾರಿಗೂ ತೋಚಲಿಲ್ಲ. ಕಳಕಮ್ಮ ತನ್ನ ತಾಟನ್ನು ಎತ್ತಿಕೊಂಡು ಒಲೆಯ ಹತ್ತಿರಕ್ಕೆ ಸರಿದು ಕುಳಿತಳು.

"ಅಜ್ಜೀ, ಇನ್ನೊಮ್ಮೆ ಹೇಳು. ಊರು ನಕ್ಕಿದ್ದರಿಂದ ಹಿಡದು."